ಸಿಕ್ಕಿದ ಮೆಡಿಕಲ್ ಸೀಟನ್ನು ಯಾರಾದರೂ ಬಿಡ್ತಾರಾ?

ಸೀಟು ಹಂಚುವ ಕೌನ್ಸೆಲಿಂಗ್‌ನ ಮೊದಲ ಸುತ್ತಿನಲ್ಲಿ ಮಗನಿಗೆ ಎಂಬಿಬಿಎಸ್ ಸೀಟು ಸ್ವಲ್ಪದರಲ್ಲೇ ತಪ್ಪಿತು, ಯಾರಾದರೂ ಬಿಟ್ಟರೆ ಮಾತ್ರ ದಾರಿ, ಆದರೆ ಅಷ್ಟು ಕಷ್ಟದಲ್ಲಿ ಸಿಕ್ಕಿದ್ದನ್ನು ಯಾರು ಬಿಡ್ತಾರೆ ಅಂತ ಕೇಳಿದ್ದೀರಿ. ಬಿಡ್ತಾರೆ ಮಾರಾಯ್ರೆ. ನನ್ನ ಮಗಳೇ ಬಿಟ್ಟಿದ್ದಾಳೆ.

ನಮ್ಮದು ಕೇರಳದ ಕಾಸರಗೋಡು ಜಿಲ್ಲೆ, ಬದಿಯಡ್ಕದ ಹತ್ತಿರ. ಅಡಿಕೆಗೆ ಮದ್ದು ಬಿಡುವ ಮಳೆಗಾಲದಲ್ಲೇ ಈ ಕೌನ್ಸೆಲಿಂಗ್ ಗಲಾಟೆ. ಆಗ ಪಕ್ಕದ ಉಕ್ಕಿನಡ್ಕದ ಸರಕಾರಿ ಮೆಡಿಕಲ್ ಕಾಲೇಜಿನಲ್ಲಿ ಎಂಬಿಬಿಎಸ್ ಇರಲಿಲ್ಲ. (2013ರಲ್ಲಿ ಕಲ್ಲು ಹಾಕಿದ ಕಾಲೇಜಿಗೆ 50 ಸೀಟು ಮಂಜೂರಾದದ್ದು 2025ರಲ್ಲಿ. ಆ ಕತೆ ಹೇಳಹೊರಟರೆ ಬೆಳಗಾದೀತು.) ಕೇರಳದ ಮೊದಲ ಸುತ್ತಿನಲ್ಲಿ ಮಗಳಿಗೆ ದಕ್ಷಿಣದ ಒಂದು ಕಾಲೇಜು ಬಂತು. ಮಲಬಾರ್ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿಯಿಡೀ ಕೂತು ಹೋಗಿ ಸೇರಿಸಿ ಬಂದೆವು. ಎರಡನೇ ಸುತ್ತಿನಲ್ಲಿ ಪರಿಯಾರಂ, ಅಂದರೆ ಕಣ್ಣೂರಿನ ಸರಕಾರಿ ಮೆಡಿಕಲ್ ಕಾಲೇಜು, ಬಂತು. ಮನೆಯಿಂದ ಬಸ್ಸಿನಲ್ಲೇ ಹೋಗಿ ಬರುವ ದೂರ. ಮತ್ತೆ ಅದೇ ರೈಲು, ಈ ಸಲ ಟಿಸಿ, ಮಾರ್ಕ್ಸ್ ಕಾರ್ಡ್ ವಾಪಸ್ ತರಲು.

ಆಫೀಸಿನಲ್ಲಿ ಗುಮಾಸ್ತರು ದೊಡ್ಡ ಪುಸ್ತಕ ತೆಗೆದು, ಸ್ಕೇಲು ಇಟ್ಟು, ಮಗಳ ಹೆಸರಿನ ಮೇಲೆ ಕೆಂಪು ಗೆರೆ ಎಳೆದರು. ಅದೇ ಮೇಜಿನ ಆಚೆ ಬದಿಯಲ್ಲಿ ಒಬ್ಬಳು ಹುಡುಗಿ ಅಮ್ಮನ ಜೊತೆ ನಿಂತಿದ್ದಳು. ಅವಳು ಹೊಸದಾಗಿ ಸೇರಲು ಫೈಲು ಕೊಡಲು ಬಂದವಳು, ನಾವು ಸೀಟು ಬಿಟ್ಟು ಫೈಲು ತೆಗೆದುಕೊಳ್ಳಲು. ನೀವು ಕಾಯುತ್ತಿರುವುದು ಆ ಹುಡುಗಿಗೆ ಸಿಕ್ಕಿದಂಥ ಜಾಗಕ್ಕೆ. ಟಿಸಿಗೆ ಸಹಿ ಹಾಕಬೇಕಾದವರು ಮಧ್ಯಾಹ್ನವೇ ಹೊರಟುಹೋಗಿದ್ದರು. ಲಾಡ್ಜಿನಲ್ಲಿ ಒಂದು ರಾತ್ರಿ ಸುಮ್ನೆ ಕಳೆಯಿತು. ಪರಿಯಾರಂನಲ್ಲಿ ಸೇರಲು ಮರುದಿನವೇ ಕೊನೆ. ನಿದ್ದೆ ಎಲ್ಲಿಂದ ಬರಬೇಕು?

ಅಂದರೆ ಹೆಚ್ಚಿನವರು ಡಾಕ್ಟರಿಕೆಯನ್ನೇ ಬಿಡುವುದಲ್ಲ, ಮೇಲಿನ ಮೆಟ್ಟಿಲಿಗೆ ಹೋಗುವುದು. ಒಬ್ಬನಿಗೆ ಏಮ್ಸೋ ಜಿಪ್ಮರೋ ಅಂಥ ಕೇಂದ್ರ ಸರಕಾರದ ದೊಡ್ಡ ಕಾಲೇಜು ಸಿಕ್ಕಿತು ಅನ್ನಿ. ಅವನ ಕೋಝಿಕ್ಕೋಡ್ ಸೀಟು ಖಾಲಿ. ಅದಕ್ಕೆ ಪರಿಯಾರಂನವನು ಹೋಗ್ತಾನೆ. ಪರಿಯಾರಂಗೆ ಖಾಸಗಿ ಕಾಲೇಜಿನಲ್ಲಿ ಲಕ್ಷಗಟ್ಟಲೆ ಕಟ್ಟಿದವನು ಬರ್ತಾನೆ. ಮೇಲೆ ಒಬ್ಬ ಎದ್ದರೆ ಕೆಳಗೆ ಮೂರ್ನಾಲ್ಕು ಜನ ಜಾಗ ಬದಲಿಸ್ತಾರೆ.

ಇನ್ನೊಂದು, ಒಬ್ಬನ ಹೆಸರೇ ಎರಡು ಮೂರು ಪಟ್ಟಿಯಲ್ಲಿ ಇರ್ತದೆ. ಸರಕಾರಿ ಕಾಲೇಜುಗಳ ಶೇಕಡಾ 15 ಸೀಟು ಅಖಿಲ ಭಾರತ ಕೋಟಾಕ್ಕೆ. ಅದನ್ನೂ ಏಮ್ಸ್, ಡೀಮ್ಡ್ (ವಿಶ್ವವಿದ್ಯಾಲಯದ ಮಾನ್ಯತೆ ಇರುವ ಕಾಲೇಜು) ಸೀಟುಗಳನ್ನೂ ಕೇಂದ್ರದ ಕೌನ್ಸೆಲಿಂಗ್ ಸಮಿತಿಯಾದ ಎಂಸಿಸಿ ಹಂಚುತ್ತದೆ. ಉಳಿದದ್ದು ರಾಜ್ಯದ್ದು. ನಮ್ಮ ಕಾಸರಗೋಡಿನ ಮಕ್ಕಳಿಗೆ ಇನ್ನೂ ಒಂದು ಬಾಗಿಲು ಉಂಟು: ನಿಯಮಕ್ಕೆ ಹೊಂದುವವರು ಕನ್ನಡ ಪರೀಕ್ಷೆ ಬರೆದು ಗಡಿನಾಡ ಕನ್ನಡಿಗರೆಂದು ಕರ್ನಾಟಕದಲ್ಲಿ ಸೀಟು ಹಂಚುವ ಪರೀಕ್ಷಾ ಪ್ರಾಧಿಕಾರದ (ಕೆಇಎ) ಪಟ್ಟಿಗೂ ಸೇರಬಹುದು. ಮೂರು ಕಡೆ ಸೀಟು ಬಂದರೂ ಕೂರುವುದು ಒಂದೇ ಕುರ್ಚಿಯಲ್ಲಿ ಅಲ್ವಾ?

ದುಡ್ಡಿಗೆ ಹೆದರಿ ಬಿಡುವವರೂ ಇದ್ದಾರೆ. ಆಪ್ಷನ್, ಅಂದರೆ ಬೇಕಾದ ಕಾಲೇಜುಗಳ ಪಟ್ಟಿ, ತುಂಬುವಾಗ ಧೈರ್ಯದಲ್ಲಿ ಡೀಮ್ಡ್ ಹಾಕ್ತಾರೆ, ಸೀಟು ಬಂದ ಮೇಲೆ ಫೀಸಿನ ಲೆಕ್ಕ ಹಾಕಿ ಹಿಂದೆ ಸರಿಯುತ್ತಾರೆ. ಓದಿದ ಮೇಲೆ ಸರಕಾರಿ ಸೇವೆ ಮಾಡಬೇಕೆಂಬ ಬಾಂಡ್ ನೋಡಿ ಸೀಟು ಬಿಡುವವರು, ಇನ್ನೊಂದು ವರ್ಷ ನೀಟ್ ಬರೀತೇನೆ ಅನ್ನುವವರು ಕಡಿಮೆ.

ಯಾವಾಗ ಬಿಡ್ತಾರೆ ಅನ್ನುವುದನ್ನು ನಿಯಮವೇ ತೀರ್ಮಾನ ಮಾಡ್ತದೆ. ಎಂಸಿಸಿಯಲ್ಲಿ ಮೊದಲ ಸುತ್ತಿನಲ್ಲಿ ಬಂದ ಸೀಟಿಗೆ ಸೇರದಿದ್ದರೆ ದಂಡ ಇಲ್ಲ. ಎರಡನೆಯದಕ್ಕೆ ಸೇರದಿದ್ದರೆ ಹೆಸರು ನೋಂದಾಯಿಸುವಾಗ ಕಟ್ಟಿದ ಠೇವಣಿ ಹೋಗ್ತದೆ. ಸಾಮಾನ್ಯ ವರ್ಗದವರಿಗೆ ಅಖಿಲ ಭಾರತ ಕೋಟಾ ಸೀಟಿನದ್ದು 10,000 ರೂಪಾಯಿ, ಡೀಮ್ಡ್ ಆದರೆ 2 ಲಕ್ಷ. ಮೂರನೆಯದರಲ್ಲಿ ಸೇರಿದರೆ ಮತ್ತೆ ಬಿಡುವ ಹಾಗೇ ಇಲ್ಲ. ಹಾಗಾಗಿ ಎರಡನೇ ಸುತ್ತಿನ ಫಲಿತಾಂಶದ ತನಕ ಆಸೆ ಬಿಡಬೇಡಿ. ಆದರೆ ಸರಕಾರಿ ಸೀಟಿನ ಕೊನೆಯ ರ‍್ಯಾಂಕ್ ಇಳಿಯುವುದು ಬಸವನ ಹುಳದ ಹಾಗೆ, ಖಾಸಗಿಯದ್ದು ಜಾಸ್ತಿ ಜಾರುತ್ತದೆ.

ಒಂದು ಎಚ್ಚರಿಕೆ. ಕೇರಳದಲ್ಲಿ ಮೇಲಿನ ಆಪ್ಷನ್ ಬಂದರೆ ಹಳೆ ಸೀಟು ತಾನಾಗಿ ಹೋಗ್ತದೆ. ಬೇಡದ ಕಾಲೇಜನ್ನು ಪಟ್ಟಿಯಿಂದ ಸಮಯಕ್ಕೆ ತೆಗೆಯಿರಿ. ಆನ್‌ಲೈನ್ ಅರ್ಜಿ ಹಾಕಿಕೊಡುವ ಅಕ್ಷಯ ಕೇಂದ್ರದವರು ಮಾಡ್ತಾರೆ ಅಂತ ಬಿಟ್ಟುಬಿಡಬೇಡಿ, ಪಕ್ಕದಲ್ಲೇ ಕೂತು ನೋಡಿ. ಮಗನ ರ‍್ಯಾಂಕ್, ಕೆಟಗರಿ ಎರಡೂ ಬರೆಯಿರಿ. ಹೋದ ವರ್ಷದ ಪಟ್ಟಿ ನನ್ನ ಹತ್ತಿರ ಉಂಟು, ನೋಡಿ ಹೇಳ್ತೇನೆ.