ನಡು ಇರೋ ಹೂಜಿಯ ತಾಯಿ-ತಂದಿ ಯಾರು?

ಪ್ರಶ್ನೆ: ಹೋದ ವರ್ಷ ಬೆಂಗಳೂರಿನ ನರ್ಸರಿಯೊಂದರಿಂದ ಹೂಜಿ ಗಿಡ (ಎಲಿ ತುದಿಯ ಹೂಜಿಯಾಗ ಹುಳ ಹಿಡಿಯೋ ಗಿಡ) ತಂದೀನ್ರಿ, ಚೀಟಿ ಮ್ಯಾಲೆ ಬರೀ 'ಹೈಬ್ರಿಡ್' ಅಂತ ಐತಿ. ಹೂಜಿ ನಟ್ಟನಡುವ ಹಿಂಡಿದಂಗ ಸಣ್ಣ ಆಗೇತಿ, ಬಾಯಿ ಅಂಚು ಕೆಂಪು. ಗೆಳೆಯ ಇದು ಮೇಘಾಲಯದ್ದು ಅಂತಾನ. ಯಾವ ಜಾತಿಗಳ ಕ್ರಾಸ್ ಅಂತ ಹೆಂಗ ತಿಳಕೋಬೇಕು?
- ಓದುಗರು, ಗಂಗಾವತಿ

ಉತ್ತರ: ಫೋಟೋ ನೋಡಿದೆ, ಆ ನಡುನೇ ದೊಡ್ಡ ಸುಳಿವು ನೋಡ್ರಿ. ಮೇಘಾಲಯದ ಖಾಸಿಯಾನಾ ನಮ್ಮ ದೇಶದ ಕಾಡಿನ್ಯಾಗ ಬೆಳೆಯೋ ಒಂದೇ ನೆಪೆಂತಿಸ್ (ಈ ಹೂಜಿ ಗಿಡಗಳ ಕುಲದ ಹೆಸರು) ಜಾತಿ, ಅದರ ಹೂಜಿ ಹಿಂಗ ಹಿಂಡಿದಂಗ ಇರಂಗಿಲ್ಲ, ಬಾಯಿ ಅಂಚೂ ಸಣ್ಣದು. ನಡು ಹಿಂಡಿದಂಗ ಇರೋದು ಫಿಲಿಪ್ಪೀನ್ಸಿನ ವೆಂಟ್ರಿಕೋಸಾ ಜಾತಿಯ ಗುರುತು. ಅದಕ್ಕ ನಿಮ್ಮದು ಬಹುತೇಕ 'ವೆಂಟ್ರಾಟಾ', ಅಂದ್ರ ವೆಂಟ್ರಿಕೋಸಾ ಮತ್ತ ಅಲಾಟಾ ಕ್ರಾಸ್, ಆ ಅಲಾಟಾ ಅಂದಿದ್ದು ಖರೇ ಗ್ರಾಸಿಲಿಫ್ಲೋರಾ ಅಂತ ಈಗ ಹೇಳ್ತಾರ. ನರ್ಸರಿಗಳಾಗ ಎಲ್ಲಾಕಡೆ ಸಿಗೋದು ಇದೇ.

ಬಣ್ಣ ನೋಡಿ ಮಾತ್ರ ತೀರ್ಮಾನ ಮಾಡಬ್ಯಾಡ್ರಿ, ಬಿಸಿಲು ಹೆಚ್ಚಿದ್ರ ಅದೇ ಗಿಡ ಕೆಂಪಾಗತೈತಿ, ನೆರಳಾಗ ಹಸಿರು. ಮರಿ ಗಿಡದ ಹೂಜಿನೂ ಬ್ಯಾಡ, ಗಂಗಾವತಿ ಮೇ ತಿಂಗಳ ಒಣಗಾಳಿಗೆ ಸೊರಗಿದ್ದೂ ಬ್ಯಾಡ. ಮಳೆಗಾಲದಾಗ ಪೂರಾ ಬಿರಿದ ಹೂಜಿ ಒಂದು ಹಿಡೀರಿ, ಮೊದಲು ಎಲಿ ತುದಿಯಿಂದ ಬರೋ ಬಳ್ಳಿ ಹೂಜಿಗೆ ಎಲ್ಲಿ ಅಂಟೇತಿ ನೋಡ್ರಿ: ಕೆಳಗಿನ ಹೂಜಿಗೆ ಮುಂದಿನಿಂದ ಬರತೈತಿ, ಗಿಡ ಮ್ಯಾಲೆ ಹತ್ತಿದ ಮ್ಯಾಗ ಬಿಡೋ ಹೂಜಿಗೆ ಹಿಂದಿನಿಂದ, ಎರಡರ ಆಕಾರನೂ ಬ್ಯಾರೆ, ಒಂದೇ ಗಿಡ ಎರಡು ಜಾತಿ ಅನ್ನಿಸೋದು ಇದಕ್ಕೇ. ಆಮ್ಯಾಲೆ ಮುಚ್ಚಳ ಬೆರಳಿಂದ ಮೆಲ್ಲಕ ಎತ್ತಿ ಅಡಿಗೆ ನೋಡ್ರಿ. ತುದಿಗೆ ದಾರದಂಗ ಕೊಂಡಿ ಇದ್ರ ಮ್ಯಾಕ್ಸಿಮಾ ಅನ್ನೋ ಇನ್ನೊಂದು ಜಾತಿಯ ರಕ್ತ ಇರಬಹುದು. ಮುಚ್ಚಳ ಸಣ್ಣದಾಗಿ ಹಿಂದಕ್ಕ ಬಾಗಿ, ಹೂಜಿ ಮಡಕಿಯಂಗ ಗುಂಡಗಿದ್ರ ಆಂಪುಲೇರಿಯಾ ಅನ್ನೋ ಜಾತಿಯದು. ನೀವು ಕಳಿಸಿದ ಫೋಟೋದಾಗ ಎರಡೂ ಕಾಣಂಗಿಲ್ಲ.

ಆದ್ರ ಒಂದೇ ಕಾಯಿಯ ಬೀಜದಿಂದ ಹುಟ್ಟಿದ ಗಿಡಗಳೂ ಒಡಹುಟ್ಟಿದವರಂಗ ಬ್ಯಾರೆ ಬ್ಯಾರೆ ಬರ್ತಾವ, ಒಂದು ತಾಯಿಯಂಗ, ಇನ್ನೊಂದು ತಂದಿಯಂಗ. ಕ್ರಾಸ್ ಮಾಡಿದವರ ದಾಖಲೆ ಇಲ್ಲದ ಕಣ್ಣಿಂದ ನೂರಕ್ಕ ನೂರು ಹೇಳಾಕ ಆಗಂಗಿಲ್ಲ. ಈ ಗಿಡದಾಗ ಗಂಡು ಬ್ಯಾರೆ ಹೆಣ್ಣು ಬ್ಯಾರೆ, ಹೆಸರು ಬರಿಯೋವಾಗ ತಾಯಿ ಮೊದಲು ಬರೀತಾರ, ಯಾರು ತಾಯಿ ಅನ್ನೋದು ಹೂಜಿ ನೋಡಿ ಗೊತ್ತಾಗೋದಲ್ಲ. ಅದಕ್ಕ ಚೀಟಿ ಮ್ಯಾಲೆ 'ವೆಂಟ್ರಾಟಾ ಇರಬಹುದು' ಅಂತನೇ ಬರೀರಿ, ಟೊಂಗಿ ಕತ್ತರಿಸಿ ಯಾರಿಗಾದ್ರೂ ಕೊಟ್ರೂ ಅದನ್ನ ಅಳಿಸಬ್ಯಾಡ್ರಿ, ಹಿಂಗ ಅಳಿಸಿ ಅಳಿಸಿನೇ ಎಷ್ಟೋ ಗಿಡ ಬೇವಾರಸಿ ಆಗ್ಯಾವ.

ಬೋರಿನ ಉಪ್ಪುನೀರು ಹಾಕಬ್ಯಾಡ್ರಿ, ಮಳೆನೀರು ಹಿಡಿದಿಟ್ಟು ಹಾಕ್ರಿ. ಮುಂದಿನ ಹೂಜಿ ಬಿರಿದಾಗ ಮುಚ್ಚಳದ ಅಡಿಯಿಂದ ಒಂದು ಫೋಟೋ ತಪ್ಪದ ಕಳಿಸ್ರಿ.