ಬೆದೆ ಮುಗಿದ ಕೂಡಲೇ ಆಪರೇಷನ್ ಬೇಡ

ಬದಿಯಡ್ಕದ ಅಕ್ಕನಿಗೆ ನಮಸ್ಕಾರ. ನಾಯಿಗೆ ಒಂದೂವರೆ ವರ್ಷ, ಬೆದೆ ನಿಂತು ಎರಡು ವಾರ, ಈಗಲೇ ಗರ್ಭಕೋಶ ತೆಗೆಸಬಹುದೇ, ಒಮ್ಮೆ ಮರಿ ಹಾಕಿಸಬೇಕೇ ಎಂದು ಕೇಳಿದ್ದೀರಿ.

ಮರಿ ಹಾಕಿಸುವ ಅಗತ್ಯ ಖಂಡಿತ ಇಲ್ಲ. ಆದರೆ ಎರಡು ಮೂರು ತಿಂಗಳು ತಡೆಯಿರಿ. ಬೆದೆಗೆ ಉಬ್ಬಿದ ರಕ್ತನಾಳಗಳು ಇಳಿಯಬೇಕು. ಅವಸರ ಮಾಡಿದರೆ ಸುಳ್ಳು ಬಸಿರಾಗಿ ಮೊಲೆಯಲ್ಲಿ ಹಾಲು ತುಂಬುವುದೂ ಉಂಟು. ಈ ನಡುವೆ ಊಟ ಬಿಟ್ಟು ವಿಪರೀತ ನೀರು ಕುಡಿದರೆ, ಯೋನಿಯಿಂದ ಕೀವು ಸೋರಿದರೆ ಮಾತ್ರ ಕಾಯಬೇಡಿ. ಗರ್ಭಕೋಶದಲ್ಲಿ ಕೀವು ತುಂಬಿರಬಹುದು, ಅದೇ ದಿನ ಡಾಕ್ಟರರಿಗೆ ತೋರಿಸಿ.

ನಮ್ಮ ಕಡೆ ನನಗೆ ಹೆಚ್ಚು ಹೆದರಿಕೆ ಉಣುಗಿನದ್ದು. ತೋಟ, ಗುಡ್ಡೆ ಸುತ್ತುವ ನಾಯಿ ಚುರುಕಾಗಿಯೇ ಕಾಣುತ್ತದೆ, ಒಳಗೆ ಉಣುಗು ಜ್ವರದಿಂದ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಇಳಿದಿರಬಹುದು. ಅಂಥದ್ದಕ್ಕೆ ಕತ್ತರಿ ಹಾಕಿದರೆ ರಕ್ತ ನಿಲ್ಲುವುದು ಕಷ್ಟ. ಕಿವಿಯ ಮಡಿಕೆ, ಬೆರಳ ಸಂದು ಬಿಡಿಸಿ ಉಣುಗು ಇದೆಯೇ ನೋಡಿ. ತುಟಿ ಎತ್ತಿ ವಸಡು ನೋಡಿ. ಬಿಳಚಿದ್ದರೆ, ಹೊಟ್ಟೆಯ ಚರ್ಮದಲ್ಲಿ ಸಣ್ಣ ಕೆಂಪು ಚುಕ್ಕೆಗಳಿದ್ದರೆ ಡಾಕ್ಟರರಿಗೆ ಹೇಳಿ. ಏನೂ ಕಾಣದಿದ್ದರೂ ರಕ್ತಪರೀಕ್ಷೆ ಮಾಡಿಸಿಯೇ ಮುಂದುವರಿಯಿರಿ, ಖರ್ಚೆಂದು ಬಿಡಬೇಡಿ ದಯವಿಟ್ಟು.

ಆಪರೇಷನ್ನಿನ ಹಿಂದಿನ ರಾತ್ರಿ ಬೇಗ ಊಟ, ಬೆಳಗ್ಗೆ ಖಾಲಿ ಹೊಟ್ಟೆ. ನೀರಿನ ವಿಷಯ ಡಾಕ್ಟರ್ ಹೇಳಿದಂತೆ. ಪಾಪ ಎಂದು ಯಾರೂ ದೋಸೆ ತುಂಡು ಹಾಕದಂತೆ ಮನೆಯಲ್ಲಿ ಎಲ್ಲರಿಗೂ ಹೇಳಿ: ಅರಿವಳಿಕೆಯಲ್ಲಿ ವಾಂತಿಯಾದರೆ ಶ್ವಾಸಕೋಶಕ್ಕೆ ಇಳಿಯಬಹುದು.

ಆಮೇಲೆ 10ರಿಂದ 14 ದಿನ ಹೊಲಿಗೆ ನೆಕ್ಕದಂತೆ ಕುತ್ತಿಗೆಗೆ ಕಾಲರ್, ಸ್ನಾನವಿಲ್ಲ, ಓಟವಿಲ್ಲ. ಮನುಷ್ಯರ ನೋವಿನ ಮಾತ್ರೆ ಕೊಡಲೇಬೇಡಿ. ಅಂಗಳ ಒದ್ದೆಯಿರುವ ಜೂನ್, ಜುಲೈ ತಪ್ಪಿಸಿದರೆ ಗಾಯ ಒಣಗಿಸುವುದು ಸುಲಭ.