ಹೊಣೆಯೆಲ್ಲ ತಂಡದ ನಾಯಕಿಯದೇ ಆದಾಗ: ಒಂದು ಆಪ್ತಸಲಹೆ ಪ್ರಕರಣ

ಪದವಿಯ ಅಂತಿಮ ವರ್ಷದ ವಿದ್ಯಾರ್ಥಿನಿಯೊಬ್ಬಳು, ಕೆಲವು ವಾರಗಳಿಂದ ಸರಿಯಾಗಿ ನಿದ್ರೆಯಿಲ್ಲ, ಫೋನ್ ಸದ್ದಾದರೆ ಎದೆ ಹೊಡೆದುಕೊಳ್ಳುತ್ತದೆ ಎಂದು ಹೇಳಿಕೊಂಡು ಬಂದಳು. (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.) ವಿಶ್ವವಿದ್ಯಾಲಯದ ಸೇವಾ ಕಲಿಕೆ ಕಾರ್ಯಕ್ರಮದಲ್ಲಿ, ಅಂದರೆ ಸಮಾಜಕ್ಕೆ ಸೇವೆ ಮಾಡುತ್ತಲೇ ಕಲಿಯುವ ಪಠ್ಯಚಟುವಟಿಕೆಯಲ್ಲಿ, ಆಕೆ ಒಂದು ತಂಡದ ನಾಯಕಿ. ವೃದ್ಧಾಶ್ರಮದ ಹಿರಿಯರಿಗೆ ಮೊಬೈಲ್ ಬಳಕೆ ಕಲಿಸುವುದು ತಂಡದ ಕೆಲಸ. ಅದಕ್ಕೆ ಕ್ರೆಡಿಟ್ ಇದೆ, ಹಾಜರಾತಿ ಗಂಟೆಗಳ ಲೆಕ್ಕವೂ ಇದೆ.

ಮಾತು ಸಾಗಿದಂತೆ ಆಕೆ ತಂಡದ ವಾಟ್ಸಾಪ್ ಗುಂಪನ್ನು ತೆರೆದು ತೋರಿಸಿದಳು. “ನಾಳೆ ಯಾರು ಬರ್ತೀರಿ?” ಎಂಬ ಪ್ರಶ್ನೆಯನ್ನು ಎಲ್ಲರೂ ಓದಿದ್ದರು, ಯಾರೂ ಉತ್ತರಿಸಿರಲಿಲ್ಲ. ಅದರ ಕೆಳಗೆ ಆಕೆಯದೇ ಮತ್ತೊಂದು ಸಂದೇಶ: “ಸರಿ ಬಿಡಿ, ನಾನೇ ಹೋಗಿ ಬರ್ತೀನಿ.” ಹೀಗೆ ಒಬ್ಬಳೇ ಹೋದ ದಿನಗಳಲ್ಲೂ ಹಾಜರಾತಿ ಹಾಳೆಯಲ್ಲಿ ಎಲ್ಲರ ಹೆಸರನ್ನೂ ಬರೆದಿದ್ದಳು. “ಲೀಡರ್ ಅಂತ ಎಲ್ಲದಕ್ಕೂ ನನ್ನನ್ನೇ ಕೇಳ್ತಾರಲ್ಲ, ಮೇಡಂ” ಎಂದಳು. ಕೆಲಸದ ಭಾರಕ್ಕಿಂತ ಹೆಚ್ಚಾಗಿ ಈ ಹಾಳೆಯೇ ಆಕೆಯ ನಿದ್ದೆಗೆಡಿಸಿದೆ ಎಂದು ನನಗೆ ಅನಿಸಿತು.

ತಂಡದವರನ್ನು ಹೊಣೆಗೇಡಿಗಳೆಂದು ಬಗೆದು ಸುಮ್ಮನಾಗಬಹುದಿತ್ತು, ಆದರೆ ವಿಷಯ ಅಷ್ಟೇ ಇರಲಿಲ್ಲ. ಏನು ಕಲಿಸಬೇಕು, ಯಾವ ದಿನ ಹೋಗಬೇಕು ಎಂಬುದನ್ನೆಲ್ಲ ಪ್ರಾಧ್ಯಾಪಕರು ಮೊದಲೇ ನಿಗದಿಪಡಿಸಿದ್ದರು. ತಂಡದವರನ್ನು ಯಾರೂ ಕೇಳಿರಲಿಲ್ಲ, ಹಿರಿಯರನ್ನಂತೂ ಕೇಳಿರಲೇ ಇಲ್ಲ. ಬ್ಯಾಂಕಿನಿಂದ ಬರುವ ಸಂದೇಶವನ್ನು ಓದಲು ಕಲಿಸಮ್ಮಾ ಎಂದು ಕೇಳಿದ ಅಜ್ಜಿಯೊಬ್ಬರಿಗೆ, ಅದು ಪಾಠದ ಪಟ್ಟಿಯಲ್ಲಿಲ್ಲ ಎಂದು ಹೇಳಬೇಕಾಗಿ ಬಂದದ್ದನ್ನು ನೆನೆದು ಆಕೆ ಕಣ್ಣೀರಿಟ್ಟಳು. ಸೇವಾ ಕಲಿಕೆಯ ಪರಿಕಲ್ಪನೆಗೆ ರೂಪ ಕೊಟ್ಟವರಲ್ಲಿ ಒಬ್ಬರಾದ ರಾಬರ್ಟ್ ಸಿಗ್ಮನ್ 1979ರಲ್ಲಿ ಮುಂದಿಟ್ಟ ಮೂರು ತತ್ವಗಳಲ್ಲಿ ಮೊದಲನೆಯದೇ, ಸೇವೆಯ ಹಿಡಿತವು ಅದನ್ನು ಪಡೆಯುವವರ ಕೈಯಲ್ಲಿರಬೇಕು ಎಂಬುದು. ಸೇವೆ ಮಾಡುವವರೂ ಕಲಿಯುವವರೇ, ತಾವೇನು ಕಲಿಯಬೇಕೆಂಬುದರಲ್ಲಿ ಅವರ ಮಾತೂ ನಡೆಯಬೇಕು ಎಂಬುದು ಕೊನೆಯದು. ಇಲ್ಲಿ ಎರಡೂ ಇರಲಿಲ್ಲ. ತೀರ್ಮಾನದಲ್ಲಿ ಪಾಲಿಲ್ಲದವರು ಕೆಲಸದಿಂದ ದೂರ ಸರಿದರೆ ಅದನ್ನು ಬರೀ ಸೋಮಾರಿತನ ಎನ್ನಲು ನಾನು ಸಿದ್ಧಳಿಲ್ಲ.

ಮೊದಲು ಹಾಜರಾತಿಯ ಬಗ್ಗೆಯೇ ಹೇಳಿದೆ: ಇನ್ನು ಮುಂದೆ ಬಾರದವರ ಹೆಸರು ಬರೆಯಬೇಡಿ, ಹಿಂದಿನದನ್ನು ಪ್ರಾಧ್ಯಾಪಕರಿಗೆ ನೀವಾಗಿಯೇ ತಿಳಿಸಿ, ತಿಳಿಸುವ ಮೊದಲು ತಂಡದವರಿಗೆ ಹೇಳಿ. ಆ ಮಾತನ್ನು ಹೇಗೆ ಆರಂಭಿಸುವುದೆಂದು ಇಬ್ಬರೂ ಕೂತು ಅಭ್ಯಾಸ ಮಾಡಿದೆವು. ಆಮೇಲೆ, ತಂಡದ ಸಭೆಯಲ್ಲಿ ಬರೀ ಕೆಲಸ ಹಂಚದೆ ತೀರ್ಮಾನಗಳನ್ನೂ ಹಂಚಲು ಸೂಚಿಸಿದೆ. ಮುಂದಿನ ವಾರ ಏನು ಬೇಕೆಂದು ಹಿರಿಯರನ್ನು ಕೇಳಿಕೊಂಡು ಬರುವವರು ಒಬ್ಬರು, ಅದರಂತೆ ಪಾಠ ಹೊಂದಿಸುವವರು ಇನ್ನೊಬ್ಬರು, ಭೇಟಿಯ ನಂತರ ಅನುಭವದ ಚರ್ಚೆ ನಡೆಸುವವರು ಮತ್ತೊಬ್ಬರು. ಅವರು ಮಾಡಿದ ರೀತಿ ತನಗೆ ಹಿಡಿಸದಿದ್ದರೂ ತಿದ್ದಲು ಹೋಗಬಾರದು. ಆಕೆಗೆ ಎಲ್ಲಕ್ಕಿಂತ ಕಷ್ಟವೆನಿಸಿದ್ದು ಇದೇ. ನಿದ್ರೆ ಸುಧಾರಿಸದಿದ್ದರೆ ವೈದ್ಯರನ್ನು ಕಾಣಬೇಕೆಂದೂ ತಿಳಿಸಿದೆ.

ಪ್ರಾಧ್ಯಾಪಕರು ಸುಳ್ಳು ಹಾಜರಾತಿಯ ಗಂಟೆಗಳನ್ನು ಲೆಕ್ಕದಿಂದ ತೆಗೆದುಹಾಕಿದರು, ತಂಡದವರ ಅಂಕಗಳಿಗೆ ಪೆಟ್ಟು ಬಿತ್ತು, ಒಬ್ಬ ಸದಸ್ಯ ಆಕೆಯೊಡನೆ ಮಾತು ಬಿಟ್ಟ. ಆದರೆ ಹಿರಿಯರನ್ನು ಕೇಳಿ ಪಾಠದ ಪಟ್ಟಿಯನ್ನು ತಂಡವೇ ಬದಲಿಸಿಕೊಳ್ಳಲು ಪ್ರಾಧ್ಯಾಪಕರು ಒಪ್ಪಿದ್ದಾರೆ, ಬ್ಯಾಂಕ್ ಸಂದೇಶದ ಪಾಠವನ್ನು ಇನ್ನೊಬ್ಬ ವಿದ್ಯಾರ್ಥಿ ವಹಿಸಿಕೊಂಡಿದ್ದಾನೆ. ನಿದ್ರೆ ಬಹುಮಟ್ಟಿಗೆ ಸರಿಹೋಗಿದೆ. ಮಾತು ಬಿಟ್ಟ ಗೆಳೆಯನ ವಿಷಯವನ್ನು ಮುಂದಿನ ಭೇಟಿಯಲ್ಲಿ ಎತ್ತಿಕೊಳ್ಳಲಿದ್ದೇವೆ.